ಮಹಿಳಾ ಪ್ರೀಮಿಯರ್ ಲೀಗ್ 2024

ಭಾರತದ ಮಹಿಳೆಯರ ಟಿ20 ಲೀಗ್‌ನ ಎರಡನೆಯ ಆವೃತ್ತಿ. 2024ರ ಫೆಬ್ರುವರಿ 23ರಿಂದ ಮಾರ್ಚ್ 17ರವರೆಗೆ ನಡೆಯಿತು. ಒಟ್ಟು 22 ಪಂದ್ಯಗಳಲ್ಲಿ ಮೊದಲ 11 ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಉಳಿದ 11 ದೆಹಲಿಯ ಅರುಣ್ ಜೇಟ್ಲಿ ಕ್ರೀಡಾಂಗಣದಲ್ಲಿ ನಡೆದವು. ಫೈನಲ್‌ನಲ್ಲಿ ಡೆಲ್ಲಿ ಕ್ಯಾಪಿಟಲ್ಸ್ ತಂಡವನ್ನು 8 ವಿಕೆಟ್‌ಗಳಿಂದ ಸೋಲಿಸಿ ರಾಯಲ್ ಚಾಲೆಂಜರ್ಸ್ ಬೆಂಗಳೂರು (ಆರ್‌ಸಿಬಿ) ಪ್ರಶಸ್ತಿ ಗೆದ್ದಿತು. ಆರ್‌ಸಿಬಿ ಹೆಸರಿನ ಯಾವುದೇ ತಂಡ ಗೆದ್ದ ಮೊದಲ ಟ್ರೋಫಿ ಇದು. ಪುರುಷರ ತಂಡ 2008ರಿಂದ ಕಾದಿತ್ತು. ಮಹಿಳೆಯರು ಎರಡನೆಯ ವರ್ಷಕ್ಕೇ ತಂದುಕೊಟ್ಟರು.

ಹಿನ್ನೆಲೆ

ಮಹಿಳಾ ಕ್ರಿಕೆಟ್ ಬೆಂಗಳೂರಿಗೆ ಹೊಸತಲ್ಲ. ಭಾರತದ ಮಹಿಳೆಯರು ಆಡಿದ ಮೊದಲ ಟೆಸ್ಟ್ ಪಂದ್ಯ 1976ರ ಅಕ್ಟೋಬರ್ 31ರಂದು ಆರಂಭವಾದದ್ದು ಇದೇ ನಗರದಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ನಾಯಕಿ ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿ. ಮಹಿಳಾ ಕ್ರಿಕೆಟ್ಟಿಗೆ ಸಂದ ಮೊದಲ ಅರ್ಜುನ ಪ್ರಶಸ್ತಿಯೂ ಅವರದೇ. ಆಗ ಆಟಗಾರ್ತಿಯರಿಗೆ ಹಣವೂ ಇರಲಿಲ್ಲ, ಪ್ರಚಾರವೂ ಇರಲಿಲ್ಲ. ಮಹಿಳಾ ಕ್ರಿಕೆಟ್‌ನ ಆಡಳಿತ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಕೈಗೆ ಬಂದದ್ದು 2006ರಲ್ಲಿ. ಜನರ ಕಣ್ಣು ನಿಜವಾಗಿ ತೆರೆದದ್ದು 2017ರ ವಿಶ್ವಕಪ್‌ನಲ್ಲಿ. ಅಲ್ಲಿ ನ್ಯೂಜಿಲೆಂಡ್ ವಿರುದ್ಧ ಗೆಲ್ಲಲೇಬೇಕಿದ್ದ ಪಂದ್ಯದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಗಳಲ್ಲಿ 70 ರನ್ ಬಾರಿಸಿದರೆ, ವಿಜಯಪುರದ ರಾಜೇಶ್ವರಿ ಗಾಯಕವಾಡ್ 15 ರನ್ನಿಗೆ 5 ವಿಕೆಟ್ ಕಿತ್ತರು. ರಾಜಧಾನಿಯಿಂದ ದೂರದ ಊರುಗಳ ಇಬ್ಬರು ಕನ್ನಡತಿಯರು ಒಂದೇ ಪಂದ್ಯವನ್ನು ಎರಡು ಕಡೆಯಿಂದ ಎತ್ತಿ ಹಿಡಿದಿದ್ದರು. ಕರ್ನಾಟಕದ ಮಹಿಳಾ ಕ್ರಿಕೆಟ್ ಚರಿತ್ರೆಯಲ್ಲಿ ಆ ದಿನಕ್ಕೆ ಸಿಗಬೇಕಾದಷ್ಟು ಜಾಗ ಇನ್ನೂ ಸಿಕ್ಕಿಲ್ಲ.

ಲೀಗ್‌ಗೆ ಮುನ್ನ, 2018ರಲ್ಲಿ ಮುಂಬೈಯ ವಾಂಖೆಡೆಯಲ್ಲಿ ಒಂದೇ ಒಂದು ಪ್ರದರ್ಶನ ಪಂದ್ಯವಾಗಿ ಆರಂಭವಾದ ಮಹಿಳಾ ಟಿ20 ಚಾಲೆಂಜ್ ಕೆಲವು ವರ್ಷ ನಡೆಯಿತು. 2023ರ ಜನವರಿಯಲ್ಲಿ ಐದು ತಂಡಗಳ ಹಕ್ಕು ಒಟ್ಟು ₹4,669.99 ಕೋಟಿಗೆ ಮಾರಾಟವಾಯಿತು. ಬೆಂಗಳೂರು ತಂಡದ ಬೆಲೆ ₹901 ಕೋಟಿ. ಆಟಗಾರ್ತಿಯರ ಹರಾಜಿನಲ್ಲಿ ಸ್ಮೃತಿ ಮಂದಾನ ₹3.40 ಕೋಟಿಗೆ ಆರ್‌ಸಿಬಿ ಪಾಲಾದರು. ಅದೇ ಹರಾಜಿನಲ್ಲಿ ಅದೇ ತಂಡ ₹10 ಲಕ್ಷಕ್ಕೆ ಕೊಂಡ ಯುವ ಆಫ್ ಸ್ಪಿನ್ನರ್ ಶ್ರೇಯಾಂಕಾ ಪಾಟೀಲ. ಮೊದಲ ಆವೃತ್ತಿಯ ಎಲ್ಲ ಪಂದ್ಯಗಳೂ ಮುಂಬೈ ಮತ್ತು ನವಿ ಮುಂಬೈಯಲ್ಲೇ ನಡೆದವು. ಆರ್‌ಸಿಬಿ ಮೊದಲ ಐದು ಪಂದ್ಯ ಸತತವಾಗಿ ಸೋತು, ಎಂಟರಲ್ಲಿ ಎರಡನ್ನಷ್ಟೇ ಗೆದ್ದಿತ್ತು.

ಎರಡನೆಯ ಆವೃತ್ತಿಗೆ ಮುನ್ನ 2023ರ ಡಿಸೆಂಬರ್‌ನಲ್ಲಿ ಮತ್ತೆ ಹರಾಜು ನಡೆಯಿತು. ಕರ್ನಾಟಕದ ಬ್ಯಾಟರ್ ವೃಂದಾ ದಿನೇಶ್ ಭಾರತ ತಂಡಕ್ಕೆ ಆಡುವ ಮೊದಲೇ ₹1.30 ಕೋಟಿಗೆ ಯುಪಿ ವಾರಿಯರ್ಸ್ ಸೇರಿದರು. ವೇದಾ ₹30 ಲಕ್ಷಕ್ಕೆ ಗುಜರಾತ್ ಜೈಂಟ್ಸ್ ಪಾಲಾದರು. ವೃಂದಾ ಅವರ ಭಾಗ್ಯ ಹೆಚ್ಚು ದಿನ ಕೈಹಿಡಿಯಲಿಲ್ಲ: ಬೆಂಗಳೂರಿನಲ್ಲೇ ಫೀಲ್ಡಿಂಗ್ ಮಾಡುವಾಗ ಭುಜಕ್ಕೆ ಪೆಟ್ಟಾಗಿ ಟೂರ್ನಿಯಿಂದ ಹೊರಬಿದ್ದರು.

ಬೆಂಗಳೂರಿನ ಪಂದ್ಯಗಳು

ಉದ್ಘಾಟನಾ ಪಂದ್ಯವೇ ಕೊನೆಯ ಎಸೆತಕ್ಕೆ ಹೋಯಿತು. ಡೆಲ್ಲಿಯ 171 ರನ್ ಬೆನ್ನಟ್ಟಿದ ಮುಂಬೈ ಇಂಡಿಯನ್ಸ್‌ಗೆ ಕೊನೆಯ ಎಸೆತದಲ್ಲಿ 5 ರನ್ ಬೇಕಿತ್ತು. ಮೊದಲ ಬಾರಿಗೆ ಲೀಗ್‌ನಲ್ಲಿ ಆಡುತ್ತಿದ್ದ ಕೇರಳದ ವಯನಾಡಿನ ಎಸ್. ಸಜನಾ ಕ್ರೀಸ್‌ಗೆ ಬಂದು, ಎದುರಿಸಿದ ಮೊದಲ ಎಸೆತವನ್ನೇ ಸಿಕ್ಸರ್‌ಗೆ ಅಟ್ಟಿದರು. ವಯನಾಡು ಮೈಸೂರು ಸೀಮೆಯ ಎಚ್.ಡಿ. ಕೋಟೆ ತಾಲ್ಲೂಕಿಗೆ ತಾಗಿಕೊಂಡೇ ಇರುವ ಜಿಲ್ಲೆ. ಗಡಿಯ ಕಾಡಿನ ಆಚೆ ಬದಿಯ ಊರಿನಿಂದ ಬಂದವರು ಈಕೆ.

ಮರುದಿನ ಆರ್‌ಸಿಬಿ ತನ್ನ ತವರಿನಲ್ಲಿ ಮೊದಲ ಬಾರಿಗೆ ಇಳಿಯಿತು. ಯುಪಿ ವಾರಿಯರ್ಸ್ ವಿರುದ್ಧ 157 ರನ್ ಮಾಡಿ 2 ರನ್‌ಗಳಿಂದ ಗೆದ್ದಿತು. ತಿರುವನಂತಪುರದ ಲೆಗ್ ಸ್ಪಿನ್ನರ್ ಆಶಾ ಶೋಭನಾ 22 ರನ್ನಿಗೆ 5 ವಿಕೆಟ್ ಪಡೆದು, ಈ ಲೀಗ್‌ನಲ್ಲಿ ಐದು ವಿಕೆಟ್ ಗಳಿಸಿದ ಮೊದಲ ಭಾರತೀಯ ಆಟಗಾರ್ತಿಯಾದರು. ಆಗ ಅವರು ಮೂವತ್ತು ದಾಟಿದ್ದರು, ಭಾರತ ತಂಡದ ಬಾಗಿಲು ಇನ್ನೂ ತೆರೆದಿರಲಿಲ್ಲ. ತವರಿನಲ್ಲಿ ಆರ್‌ಸಿಬಿ ಮೂರು ಗೆದ್ದು ಎರಡು ಸೋತಿತು. ಮಾರ್ಚ್ 4ರಂದು ಎಲಿಸ್ ಪೆರಿ ಹೊಡೆದ ಸಿಕ್ಸರ್ ಬೌಂಡರಿಯಾಚೆ ಪ್ರದರ್ಶನಕ್ಕಿಟ್ಟಿದ್ದ ಕಾರಿನ ಕಿಟಕಿ ಗಾಜನ್ನು ಪುಡಿ ಮಾಡಿತು. ಮುಂದೆ ಆ ಗಾಜಿನ ಚೂರುಗಳನ್ನೇ ಚೌಕಟ್ಟಿನಲ್ಲಿ ಕೂರಿಸಿ ಪೆರಿಗೆ ಕಾಣಿಕೆಯಾಗಿ ಕೊಡಲಾಯಿತು.

ಆದರೆ ಈ ಹಂತದ ದೊಡ್ಡ ಸಂಗತಿ ಮೈದಾನದಲ್ಲಿ ಅಲ್ಲ, ಗ್ಯಾಲರಿಯಲ್ಲಿ ನಡೆಯಿತು. ಚಿನ್ನಸ್ವಾಮಿಯ ಮೆಟ್ಟಿಲುಗಳಲ್ಲಿ ಕುಟುಂಬಗಳು, ಶಾಲಾ ಹುಡುಗಿಯರು, ಕಾಲೇಜು ಗೆಳತಿಯರು ಕಿಕ್ಕಿರಿದಿದ್ದರು. ಬೆನ್ನಿನ ಮೇಲೆ ಸ್ಮೃತಿ, ಪೆರಿ, ರಿಚಾ ಘೋಷ್ ಹೆಸರಿದ್ದ ಕೆಂಪು ಜೆರ್ಸಿಗಳು ಎಲ್ಲೆಡೆ ಕಂಡವು. ಮಹಿಳೆಯರ ಪಂದ್ಯಕ್ಕೆ ಜನ ಬರುವುದಿಲ್ಲ ಎಂಬ ಹಳೆಯ ಮಾತಿಗೆ ಈ ಹನ್ನೊಂದು ಪಂದ್ಯಗಳ ನಂತರ ನೆಲೆ ಉಳಿಯಲಿಲ್ಲ.

ದೆಹಲಿಯಲ್ಲಿ

ದೆಹಲಿಗೆ ಹೋದ ಮೇಲೆ ಆರ್‌ಸಿಬಿಗೆ ಕಷ್ಟ ಎದುರಾಯಿತು. ಗುಜರಾತ್‌ಗೆ ಸೋತಿತು, ಮಾರ್ಚ್ 10ರಂದು ಡೆಲ್ಲಿಗೆ ಒಂದೇ ಒಂದು ರನ್‌ನಿಂದ ಸೋತಿತು. ಕೊನೆಯ ಎಸೆತದಲ್ಲಿ ರನೌಟ್ ಆದ ರಿಚಾ ಘೋಷ್ ಪಿಚ್ ಮೇಲೆಯೇ ಕುಸಿದು ಕಣ್ಣೀರಿಟ್ಟರು. ಎರಡು ದಿನಗಳ ನಂತರ ಪೆರಿ ಮುಂಬೈ ವಿರುದ್ಧ 15 ರನ್ನಿಗೆ 6 ವಿಕೆಟ್ ಕಿತ್ತು, ಲೀಗ್‌ನಲ್ಲಿ ಆರು ವಿಕೆಟ್ ಪಡೆದ ಮೊದಲ ಬೌಲರ್ ಎನಿಸಿದರು. ತಂಡ ಪ್ಲೇಆಫ್ ಮುಟ್ಟಿತು. ಲೀಗ್ ಹಂತದ ಕೊನೆಗೆ ಡೆಲ್ಲಿ 12, ಮುಂಬೈ 10, ಆರ್‌ಸಿಬಿ 8 ಅಂಕ ಗಳಿಸಿದ್ದವು. ಅಗ್ರಸ್ಥಾನದ ಡೆಲ್ಲಿ ನೇರವಾಗಿ ಫೈನಲ್‌ಗೆ ಹೋಯಿತು.

ಮಾರ್ಚ್ 15ರ ಎಲಿಮಿನೇಟರ್ ಈ ಆವೃತ್ತಿಯ ಅತ್ಯುತ್ತಮ ಪಂದ್ಯ. ಪೆರಿಯ 66 ರನ್ ಇದ್ದರೂ ಆರ್‌ಸಿಬಿ ಮೊತ್ತ ಕೇವಲ 135. ಹರ್ಮನ್‌ಪ್ರೀತ್ ಕೌರ್ ನಿಂತಿರುವವರೆಗೂ ಮುಂಬೈ ಗೆದ್ದಂತೆಯೇ ಇತ್ತು. ಹದಿನೆಂಟನೆಯ ಓವರಿನಲ್ಲಿ ಹರ್ಮನ್‌ಪ್ರೀತ್ ಅವರನ್ನು ಶ್ರೇಯಾಂಕಾ ಔಟ್ ಮಾಡಿದರು. ಕೊನೆಯ ಓವರಿನಲ್ಲಿ 12 ರನ್ ಬೇಕಿದ್ದಾಗ ಚೆಂಡು ಆಶಾ ಕೈಗೆ ಹೋಯಿತು. ಆರ್‌ಸಿಬಿ 5 ರನ್‌ಗಳಿಂದ ಗೆದ್ದಿತು.

ಫೈನಲ್‌ನಲ್ಲಿ ಡೆಲ್ಲಿ ಏಳು ಓವರ್‌ಗಳಲ್ಲಿ ವಿಕೆಟ್ ನಷ್ಟವಿಲ್ಲದೆ 64 ರನ್ ಗಳಿಸಿತ್ತು. ಎಂಟನೆಯ ಓವರ್ ಎಸೆಯಲು ಬಂದವರು ಎಡಗೈ ಸ್ಪಿನ್ನರ್ ಸೋಫಿ ಮೊಲಿನ್ಯೂ. 44 ರನ್ ಗಳಿಸಿದ್ದ ಶಫಾಲಿ ವರ್ಮಾ ಮೊದಲ ಎಸೆತಕ್ಕೇ ಕ್ಯಾಚ್ ಕೊಟ್ಟರು. ಮೂರನೆಯದಕ್ಕೆ ಜೆಮಿಮಾ ರಾಡ್ರಿಗಸ್ ಬೌಲ್ಡ್. ನಾಲ್ಕನೆಯದಕ್ಕೆ ಆಲಿಸ್ ಕ್ಯಾಪ್ಸಿಯೂ ಬೌಲ್ಡ್. ಆ ನಾಲ್ಕು ಎಸೆತಗಳಿಂದ ಡೆಲ್ಲಿ ಚೇತರಿಸಿಕೊಳ್ಳಲೇ ಇಲ್ಲ. ನಾಯಕಿ ಮೆಗ್ ಲ್ಯಾನಿಂಗ್ ಅವರನ್ನು ಶ್ರೇಯಾಂಕಾ ಎಲ್‌ಬಿಡಬ್ಲ್ಯು ಮಾಡಿ ಕಳುಹಿಸಿ, ಬಾಲಂಗೋಚಿಗಳನ್ನೂ ಬೇಗನೆ ಕಟ್ಟಿಹಾಕಿದರು: 12 ರನ್ನಿಗೆ 4 ವಿಕೆಟ್. ಡೆಲ್ಲಿ 113ಕ್ಕೆ ಆಲೌಟ್. ಗುರಿ ಸಣ್ಣದಾದರೂ ಆರ್‌ಸಿಬಿ ಬ್ಯಾಟರ್‌ಗಳು ಅವಸರ ಮಾಡಲಿಲ್ಲ. ಇನ್ನು 3 ಎಸೆತ ಉಳಿದಿರುವಾಗ ರಿಚಾ ಬೌಂಡರಿ ಹೊಡೆದು ಮುಗಿಸಿದರು. ವಾರದ ಹಿಂದೆ ಅದೇ ಮೈದಾನದಲ್ಲಿ ಅತ್ತಿದ್ದವರು ಅವರೇ.

ಪೆರಿ 347 ರನ್‌ಗಳೊಂದಿಗೆ ಅತಿ ಹೆಚ್ಚು ರನ್ ಗಳಿಸಿದವರ ಕಿತ್ತಳೆ ಟೋಪಿ ಪಡೆದರು. ಅತಿ ಹೆಚ್ಚು ವಿಕೆಟ್ ಪಡೆದವರ ನೇರಳೆ ಟೋಪಿ ಶ್ರೇಯಾಂಕಾ ಅವರದಾಯಿತು: ಕೈಗೆ ಪೆಟ್ಟಾಗಿ ನಡುವೆ ಹೊರಗುಳಿದಿದ್ದರೂ 8 ಪಂದ್ಯಗಳಲ್ಲಿ 13 ವಿಕೆಟ್. ಉದಯೋನ್ಮುಖ ಆಟಗಾರ್ತಿ ಪ್ರಶಸ್ತಿಯೂ ಅವರಿಗೇ ಸಂದಿತು. ವಿಜೇತರಿಗೆ ₹6 ಕೋಟಿ ಬಹುಮಾನ ಸಿಕ್ಕಿತು. ಮಾರ್ಚ್ 19ರಂದು ಚಿನ್ನಸ್ವಾಮಿಯಲ್ಲಿ ವಿರಾಟ್ ಕೊಹ್ಲಿ ಸೇರಿದಂತೆ ಪುರುಷರ ತಂಡದವರು ಎರಡು ಸಾಲಾಗಿ ನಿಂತು ಚಪ್ಪಾಳೆ ತಟ್ಟಿ, ಟ್ರೋಫಿ ಹಿಡಿದ ಮಹಿಳೆಯರನ್ನು ಬರಮಾಡಿಕೊಂಡರು.

ಮೈಸೂರು ಸೀಮೆ ಮತ್ತು ನಂತರ

ಈ ಗೆಲುವಿನ ನಿಜವಾದ ಬೆಲೆ ಗೊತ್ತಾಗಬೇಕಾದದ್ದು ತಾಲ್ಲೂಕುಗಳಲ್ಲಿ. ಮೈಸೂರು ಸೀಮೆಯ ಕ್ರಿಕೆಟ್ ಪ್ರೀತಿಗೆ ಪುರಾವೆ ಬೇಕಿಲ್ಲ: 2010ರ ಜನವರಿಯಲ್ಲಿ ಮುಂಬೈ ವಿರುದ್ಧ ಕರ್ನಾಟಕ 6 ರನ್‌ಗಳಿಂದ ಸೋತ ರಣಜಿ ಫೈನಲ್‌ಗೆ ಮಾನಸಗಂಗೋತ್ರಿಯ ಮೈದಾನ ತುಂಬಿ ತುಳುಕಿತ್ತು. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹುಡುಗಿಗೆ ಆ ಮೈದಾನವೇ ದೂರ. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿ.ಮೀ., ಪಿರಿಯಾಪಟ್ಟಣದಿಂದ ಸುಮಾರು 70. ಮೈಸೂರಿನಿಂದ ಬೆಂಗಳೂರಿಗೆ ಇನ್ನೂ ಸುಮಾರು 145. ಸಂಜೆ ನೆಟ್ಸ್ ಮುಗಿಸಿ ಕೋಟೆಯ ಬಸ್ ಹಿಡಿಯಬೇಕಾದವಳಿಗೆ ಪ್ರತಿಭೆಯಷ್ಟೇ ಬಸ್ಸಿನ ವೇಳೆಯೂ ಮುಖ್ಯ. ತೀರ್ಮಾನಿಸುವವರು ಮನೆಯವರು; ಅವರ ಮನಸ್ಸು ತಿರುಗಿಸಲು ಟಿವಿಯಲ್ಲಿ ಕನ್ನಡ ಮಾತಾಡುವ ಶ್ರೇಯಾಂಕಾ ಮಾಡಿದ ಕೆಲಸವನ್ನು ಯಾವ ಭಾಷಣವೂ ಮಾಡಲಾರದು.

2025ರ ಫೆಬ್ರುವರಿಯಲ್ಲಿ ಕರ್ನಾಟಕದ ನಿಕಿ ಪ್ರಸಾದ್ ನಾಯಕತ್ವದ ಭಾರತ ತಂಡ ಕ್ವಾಲಾಲಂಪುರದಲ್ಲಿ 19 ವರ್ಷದೊಳಗಿನವರ ಟಿ20 ವಿಶ್ವಕಪ್ ಗೆದ್ದಿತು. ಅದೇ ತಿಂಗಳು ಶುರುವಾದ ಲೀಗ್‌ನ ಮೂರನೆಯ ಆವೃತ್ತಿಯಲ್ಲಿ ಆರ್‌ಸಿಬಿ ತವರಿನ ನಾಲ್ಕೂ ಪಂದ್ಯ ಸೋತಿತು. ಗಾಯಗೊಂಡಿದ್ದ ಶ್ರೇಯಾಂಕಾ ತಂಡದಲ್ಲಿರಲಿಲ್ಲ. ಜೂನ್ 4ರಂದು ಆರ್‌ಸಿಬಿ ಪುರುಷರ ತಂಡದ ಐಪಿಎಲ್ ವಿಜಯೋತ್ಸವದ ವೇಳೆ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಆ ದುರಂತದ ಬಳಿಕ ಅದೇ ವರ್ಷದ ಮಹಿಳಾ ವಿಶ್ವಕಪ್ ಪಂದ್ಯಗಳೂ ಬೆಂಗಳೂರಿನ ಕೈತಪ್ಪಿ ನವಿ ಮುಂಬೈಗೆ ಹೋದವು. ಆಗಸ್ಟ್‌ನಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ರಾಜ್ಯದ ಆಟಗಾರ್ತಿಯರಿಗಾಗಿಯೇ ಮಹಾರಾಣಿ ಟ್ರೋಫಿ ಎಂಬ ಟಿ20 ಟೂರ್ನಿ ಆರಂಭಿಸಿತು. ಅದರಲ್ಲಿ ಮೈಸೂರು ವಾರಿಯರ್ಸ್ ಹೆಸರಿನಲ್ಲಿ ಮಹಿಳೆಯರ ತಂಡವೂ ಕಣಕ್ಕಿಳಿಯಿತು.