1557ರ ಬೆನ್ನು ಹತ್ತಿ

ಲಿಂಗಸುಗೂರು ತಾಲ್ಲೂಕಿನ ಮುದ್ಗಲ್ ಬಗ್ಗೆ ಯಾವ ಪರಿಚಯ ಬರಹ ತೆಗೆದರೂ ಕೋಟೆ, ಮೊಹರಂ ಆದಮೇಲೆ ಒಂದು ಸಾಲು ಬಂದೇ ಬರುತ್ತದೆ: 1557ಕ್ಕೂ ಮೊದಲು ಯೇಸುಸಭೆಯ ಗುರುಗಳು ಕಟ್ಟಿದ ಕಥೋಲಿಕ ಚರ್ಚು ಇಲ್ಲಿದೆ. ಕಡಲಿನಿಂದ ಇಷ್ಟು ದೂರ, ಎರೆಮಣ್ಣಿನ ನಡುವೆ, ಅಷ್ಟು ಹಳೆಯ ಚರ್ಚು! ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತಿತ್ತು. ಆದರೆ ಆ ಇಸವಿಗೆ ಆಧಾರವೇನು? ಹತ್ತಿರದ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ ಅಶೋಕ ಎಂಬ ಹೆಸರೇ ಕೊರೆದಿತ್ತು; ದೇವಾನಾಂಪ್ರಿಯ ಯಾರೆಂಬ ಚರ್ಚೆ ಅಲ್ಲಿಗೆ ಮುಗಿಯಿತು. ಮುದ್ಗಲ್ಲಿನ ಇಸವಿಗೂ ಅಂಥ ಗಟ್ಟಿ ಆಸರೆ ಬೇಕೆನಿಸಿತು.

ಮೊದಲು ನೋಡಿದ್ದು, ಆಗ ಮುದ್ಗಲ್ ಯಾರ ಕೈಯಲ್ಲಿತ್ತು ಎಂಬುದನ್ನು. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದ ಮೇಲೆ ಎರಡು ನದಿಗಳ ನಡುವಿನ ಈ ದೋಆಬ್ ವಿಜಯನಗರಕ್ಕೂ ಬಿಜಾಪುರಕ್ಕೂ ನಡುವೆ ಕೈ ಬದಲಾಯಿಸುತ್ತಲೇ ಇತ್ತು. ರಕ್ಕಸತಂಗಡಿ ಕದನಕ್ಕೆ ಮುಂಚೆ ಬಿಜಾಪುರದ ಅಲಿ ಆದಿಲ್ ಶಾಹ ರಾಯಚೂರು, ಮುದ್ಗಲ್ ಬಿಟ್ಟುಕೊಡುವಂತೆ ವಿಜಯನಗರದ ರಾಮರಾಯನಿಗೆ ದೂತರನ್ನು ಕಳಿಸಿದ್ದನ್ನು ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ. ಅಂದರೆ ಕೇಳಿದ ಹೊತ್ತಿಗೆ ಅವು ಬಿಜಾಪುರದವಾಗಿರಲಿಲ್ಲ. ಕೈಗೆ ಬಂದದ್ದು 1565ರ ಆ ಕದನದ ನಂತರ. ಬಿಜಾಪುರದ ಸುಲ್ತಾನರ ಆಶ್ರಯದಲ್ಲಿ ಚರ್ಚು ಎದ್ದಿತು ಎನ್ನುವವರು ಈ ಗಂಟನ್ನು ಬಿಡಿಸಬೇಕಾಗುತ್ತದೆ.

ಇನ್ನೊಂದು ತುದಿ ಗೋವಾದಲ್ಲಿದೆ. ಸಂತ ಫ್ರಾನ್ಸಿಸ್ ಕ್ಸೇವಿಯರ್ ಗೋವಾಕ್ಕೆ ಬಂದದ್ದು 1542ರಲ್ಲಿ, ತೀರಿಕೊಂಡದ್ದು 1552ರಲ್ಲಿ. ಅಲಿ ಆದಿಲ್ ಶಾಹನ ಕೋರಿಕೆಯಂತೆ ಗೋವಾದಿಂದ ಯೇಸುಸಭೆಯ ಗೊನ್ಸಾಲೊ ರೊಡ್ರಿಗಸ್ ಬಿಜಾಪುರಕ್ಕೆ ಹೋದದ್ದು 1561ರಲ್ಲಿ. ರಾಜಧಾನಿಗೇ ಗುರುಗಳು ಹೋದದ್ದು ಆಗ ಎಂದಾದರೆ, ಅದಕ್ಕೂ ಮುಂಚೆ ಗಡಿನಾಡಿನ ಮುದ್ಗಲ್ಲಿನಲ್ಲಿ ಕಟ್ಟಡ ನಿಂತಿತ್ತೆ? ಅಸಾಧ್ಯವೆನ್ನಲಾರೆ, ಆದರೆ 1557ನ್ನು ಸ್ಥಾಪನೆಯ ವರ್ಷವೆಂದು ನಾನು ಬರೆಯುವುದಿಲ್ಲ.

ಅನಿರೀಕ್ಷಿತವಾಗಿ ಕೈ ಹಿಡಿದದ್ದು ಒಂದು ಕಾದಂಬರಿ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 1858ರ ನಂತರ ರಾಯಚೂರು ದೋಆಬದ ಆಡಳಿತವನ್ನೂ ನೋಡಿಕೊಂಡವನು. ಲಿಂಗಸುಗೂರು ಅವನಿಗೆ ಚೆನ್ನಾಗಿ ಗೊತ್ತಿದ್ದ ಊರು. ಅವನು ತೀರಿಕೊಂಡ ಮೇಲೆ, 1878ರಲ್ಲಿ, ಚಾಂದ್ ಬೀಬಿಯ ಕಥೆಯಾದ 'ಎ ನೋಬಲ್ ಕ್ವೀನ್' ಪ್ರಕಟವಾಯಿತು. ಅದರಲ್ಲಿ ಮುದ್ಗಲ್ಲಿನ ಪಾದ್ರಿ ಬರುತ್ತಾನೆ, ಅವನ ತಂಗಿ ಬರುತ್ತಾಳೆ. ಕಾದಂಬರಿಯನ್ನು 16ನೆಯ ಶತಮಾನಕ್ಕೆ ಸಾಕ್ಷಿಯಾಗಿ ನಿಲ್ಲಿಸಲಾಗದು, ನಿಜ. ಆದರೂ 19ನೆಯ ಶತಮಾನದ ಅಧಿಕಾರಿಯೊಬ್ಬ ಬಿಜಾಪುರದ ಕಥೆ ಹೆಣೆಯುವಾಗ ಈ ಪುಟ್ಟ ಸಭೆಯನ್ನು ಬಿಟ್ಟು ಮುಂದೆ ಹೋಗಲಿಲ್ಲ ಎಂಬುದು ನನಗೆ ದೊಡ್ಡ ಸಂಗತಿ.

ಆಮೇಲೆ ನನ್ನ ಹುಡುಕಾಟ ಇಸವಿಯಿಂದ ಮಂದಿಯ ಕಡೆಗೆ ಹೊರಳಿತು. ಚರ್ಚೆಂದರೆ ಗೋಡೆ, ಗಂಟೆಗೋಪುರ ಅಷ್ಟೇ ಅಲ್ಲ, ಬೀರುವಿನಲ್ಲಿರುವ ದಫ್ತರವೂ ಹೌದು. ಜ್ಞಾನಸ್ನಾನ, ಮದುವೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು 1563ರಲ್ಲಿ ಟ್ರೆಂಟ್ ಮಹಾಸಭೆ ಕಟ್ಟಳೆ ಮಾಡಿತು. ಒಂದು ಸಾಲಿನಲ್ಲಿ ಕೂಸಿನ ಹೆಸರು, ಹುಟ್ಟಿದ ದಿನ, ತಂದೆತಾಯಿ, ಜ್ಞಾನ ತಂದೆತಾಯಿ, ಕೊನೆಗೆ ಗುರುಗಳ ರುಜು. ಅಂಚಿನಲ್ಲಿ ಖಾಲಿ ಜಾಗ. 1908ರಲ್ಲಿ ಜಾರಿಗೆ ಬಂದ ನಿಯಮದಂತೆ, ಮದುವೆ ಎಲ್ಲಿಯೇ ಆಗಲಿ, ಅದರ ಸುದ್ದಿ ಜ್ಞಾನಸ್ನಾನವಾದ ಊರಿಗೆ ಹೋಗಿ ಆ ಅಂಚಿನಲ್ಲಿ ದಾಖಲಾಗಬೇಕು. ಮುದ್ಗಲ್ಲಿನ ಹುಡುಗಿಯ ಮದುವೆ ಮಸ್ಕಿಯಲ್ಲೋ ಸಿಂಧನೂರಿನಲ್ಲೋ ನಡೆದರೆ, ಅವಳ ತವರಿನ ಪುಸ್ತಕದಲ್ಲಿ ವರನ ಹೆಸರು, ಊರು, ತಾರೀಖು ಸೇರುತ್ತವೆ. ಹೆಣ್ಣು ಕೊಟ್ಟು ತಂದ ದಾರಿಗಳ ನಕ್ಷೆ ಆ ಅಂಚುಗಳಲ್ಲಿ ತಾನಾಗಿಯೇ ಮೂಡುತ್ತದೆ. ಬರಗಾಲಕ್ಕೆ ಊರು ಬಿಟ್ಟವರು, ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಭತ್ತದ ಕೆಲಸ ಅರಸಿ ಸಿಂಧನೂರಿನ ಕಡೆಗೆ ಸರಿದವರು, ಇಂಥವರ ಜಾಡು ಬೇರೆ ಯಾವ ಇತಿಹಾಸದ ಪುಸ್ತಕದಲ್ಲಿ ಸಿಕ್ಕೀತು?

ಕಾಗದ ಮಾತ್ರ ಒಂದೇ ಕಡೆ ಇಲ್ಲ. ಲಿಂಗಸುಗೂರು ನಿಜಾಮರ ಕಾಲದಲ್ಲಿ ಬೇರೆಯೇ ಜಿಲ್ಲೆಯಾಗಿತ್ತು. 1905ರಲ್ಲಿ ರಾಯಚೂರಿಗೆ ಸೇರಿತು. ಈ ಭಾಗವಿರುವ ಬಳ್ಳಾರಿ ಧರ್ಮಪ್ರಾಂತ್ಯ ರಚನೆಯಾದದ್ದು 1949ರಲ್ಲಿ. ಹಾಗಾಗಿ ಇನಾಮು ಕಾಗದಕ್ಕೆ ಹೈದರಾಬಾದು, ಗುರುಗಳ ಪತ್ರಕ್ಕೆ ಗೋವಾ, ರೋಮ್. ಜೋಸೆಫ್ ವಿಕಿ ಸಂಪಾದಿಸಿದ 'ಡಾಕ್ಯುಮೆಂಟಾ ಇಂಡಿಕಾ' ಹದಿನೆಂಟು ಸಂಪುಟ. 1540ರಿಂದ 1597ರವರೆಗಿನ ಪತ್ರಗಳು. 1557ರ ಆಸುಪಾಸಿನ ಸಂಪುಟವನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡಿದ್ದೇನೆ. ಪೋರ್ಚುಗೀಸರ ಕಿವಿಗೆ ಮುದ್ಗಲ್ ಹೇಗೆ ಕೇಳಿಸಿರಬಹುದೋ ಆ ಕಾಗುಣಿತಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು, ಪುಟ ಪುಟವೂ ಬೆರಳಿಟ್ಟು ನೋಡುತ್ತಿದ್ದೇನೆ.