ಕುಸ್ತಿಯ ಇತಿಹಾಸಕ್ಕೆ ಯಾರನ್ನು ಕರೆಯೋಣ?

ಗುದ್ದು, ಒದೆ, ಪಟ್ಟು ಎಲ್ಲ ಸೇರಿದ ಮಿಶ್ರ ಸಮರಕಲೆಯ ಕಥೆಯನ್ನು ಬಹಳ ಜನ 1993ರಿಂದ ಶುರು ಮಾಡುತ್ತಾರೆ. ಅಮೆರಿಕದ ಡೆನ್ವರ್‌ನಲ್ಲಿ ಯುಎಫ್‌ಸಿಯ ಮೊದಲ ಪಂದ್ಯಗಳು ನಡೆದ ವರ್ಷ ಅದು. ಕನ್ನಡದಲ್ಲಿ ಇಂಥದೊಂದು ಪಾಡ್‌ಕಾಸ್ಟ್ ಮಾಡುವವರಿಗೆ ನಾವು ಬೇರೆ ಕಂತುಗಳನ್ನು ಸೂಚಿಸುತ್ತೇವೆ.

ಮೊದಲನೆಯದು ಹಂಪಿ. ಸುಮಾರು 1520ರಲ್ಲಿ ಕೃಷ್ಣದೇವರಾಯನ ಮಹಾನವಮಿ ನೋಡಿದ ಪೋರ್ಚುಗೀಸ ಡೊಮಿಂಗೊ ಪಾಯೆಸ್, ಜಟ್ಟಿಗಳು ಹಲ್ಲು ಮುರಿಯುವಂತೆ ಗುದ್ದಾಡಿದ್ದನ್ನೂ ಎತ್ತಿ ಕೆಡವಿದ್ದನ್ನೂ ಬರೆದಿಟ್ಟಿದ್ದಾನೆ. ಎರಡನೆಯದು ‘ಮಾನಸೋಲ್ಲಾಸ’. ನಮ್ಮ ಗದಗ, ಲಕ್ಷ್ಮೇಶ್ವರ ಸೀಮೆಯನ್ನೂ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 12ನೇ ಶತಮಾನದ ಈ ಗ್ರಂಥ ಮಲ್ಲರ ಊಟ, ಸಾಧನೆಯನ್ನೂ ಹೇಳುತ್ತದೆ. ಮೂರನೆಯದು ಚಿಕ್ಕೋಡಿ ಸೀಮೆಯ ಯಕ್ಸಂಬಾದ ಶ್ರೀಪತಿ ಖಂಚನಾಳೆ, 1959ರ ಮೊದಲ ಹಿಂದ್ ಕೇಸರಿ.

ದೊರೆಗಳ ಕಥೆಗೆ ಪುಸ್ತಕಗಳಿವೆ. ಊರ ಗರಡಿಮನೆಯ ಕಥೆ ಇರುವುದು ಹಿರಿಯರ ನೆನಪಿನಲ್ಲಿ. ಅವರು ಹೋದರೆ ಅದೂ ಹೋಯಿತು. ಹಾಗಾಗಿ ಅತಿಥಿಗಳು ಇವರೇ ಆಗಲಿ: ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿದವರು, ಜಾತ್ರೆಯಲ್ಲಿ ಜೋಡಿ ಹಚ್ಚಿದವರು, ಹಲಗಿ ಬಾರಿಸಿದವರು, ಈಗ ಮ್ಯಾಟ್ ಮೇಲೆ ಆಡುವ ಹುಡುಗಿಯರು.

ಹಿರೇಹಂದಿಗೋಳದ ಓದುಗರೇ, ಫೋನ್ ನಿಮ್ಮ ಕೈಯಲ್ಲೇ ಇದೆ. ಮುಂದಿನ ಜಾತ್ರೆಯೊಳಗೆ ಹಳೆಯ ಪೈಲ್ವಾನರೊಬ್ಬರ ಕಟ್ಟೆಗೆ ಹೋಗಿ ಕುಳಿತು ಅವರ ಮಾತು ರೆಕಾರ್ಡ್ ಮಾಡಿಕೊಳ್ಳಿ.