ಪೆರೋವ್‌ಸ್ಕೈಟ್‌ಗಳಲ್ಲಿ ಬಿಸಿ ವಾಹಕಗಳ ತಣಿಯುವಿಕೆ: ಅಧ್ಯಯನದ ಇತಿಹಾಸ

ಬೆಳಕು ಹೀರಿದ ಅರೆವಾಹಕದಲ್ಲಿ ಹುಟ್ಟುವ ಎಲೆಕ್ಟ್ರಾನ್ ಮತ್ತು ರಂಧ್ರಗಳೆಂಬ ವಾಹಕಗಳು ತಮ್ಮ ಹೆಚ್ಚುವರಿ ಶಕ್ತಿಯನ್ನು ಹರಳಿನ ಜಾಲಕಕ್ಕೆ ಶಾಖವಾಗಿ ಬಿಟ್ಟುಕೊಡುವ ಕ್ರಿಯೆಯೇ ತಣಿಯುವಿಕೆ. ಮೀಥೈಲ್‌ಅಮೋನಿಯಂ ಸೀಸದ ಅಯೊಡೈಡ್ ಎಂಬ ಪೆರೋವ್‌ಸ್ಕೈಟಿನ ಶಕ್ತಿ ಅಂತರ ಸುಮಾರು 1.6 ಎಲೆಕ್ಟ್ರಾನ್ ವೋಲ್ಟ್. 400 ನ್ಯಾನೋಮೀಟರಿನ ನೇರಳೆ ಫೋಟಾನು 3.1 ತರುತ್ತದೆ, ಮಿಕ್ಕ 1.5 ಶಾಖವಾಗಿ ಸೋರಿಹೋಗುತ್ತದೆ.

ಹಿನ್ನೆಲೆ: ಈ ಸೋರಿಕೆಯನ್ನೂ ಲೆಕ್ಕಕ್ಕೆ ಹಿಡಿದು ಶಾಕ್ಲಿ ಮತ್ತು ಕ್ವೈಸರ್ 1961ರಲ್ಲಿ ಸೌರಕೋಶದ ದಕ್ಷತೆಗೆ ಮಿತಿ ಹಾಕಿದರು. ವಾಹಕಗಳನ್ನು ಬಿಸಿಯಿರುವಾಗಲೇ ಹೊರತೆಗೆದರೆ ದಕ್ಷತೆ ಶೇ. 66ರ ವರೆಗೆ ಏರಬಲ್ಲದೆಂದು ರಾಸ್ ಮತ್ತು ನೋಜಿಕ್ 1982ರಲ್ಲಿ ತೋರಿಸಿದರು. ಪೆರೋವ್‌ಸ್ಕೈಟ್ ಸೌರಕೋಶ 2009ರಲ್ಲಿ ಜಪಾನಿನ ಮಿಯಾಸಾಕಾ ತಂಡದಿಂದ ಬಂತು.

ಅಳತೆ: ಒಂದು ಲೇಸರ್ ಮಿಡಿತ ವಾಹಕಗಳನ್ನು ಎಬ್ಬಿಸುತ್ತದೆ, ಇನ್ನೊಂದು ತಡವಾಗಿ ಬಂದು ನೋಡುತ್ತದೆ. ಎರಡನೆಯದರ ದಾರಿಯ ಕನ್ನಡಿಯನ್ನು 0.15 ಮಿಲಿಮೀಟರ್ ಹಿಂದೆ ಸರಿಸಿದರೆ ಬೆಳಕು ಹೋಗಿಬರುವುದು 1 ಪಿಕೋಸೆಕೆಂಡ್ ತಡವಾಗುತ್ತದೆ. ರೋಹಿತದ ಹೆಚ್ಚು ಶಕ್ತಿಯ ಬಾಲ ನಿಧಾನವಾಗಿ ಇಳಿದಷ್ಟೂ ವಾಹಕಗಳು ಬಿಸಿ.

ಅಡಚಣೆಯ ಪತ್ತೆ: ಸಿಂಗಪುರದ ನಾನ್ಯಾಂಗ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಬಿಸಿ ರಂಧ್ರಗಳು ತಣಿಯಲು ಸುಮಾರು 0.4 ಪಿಕೋಸೆಕೆಂಡ್ ಬೇಕೆಂದು ವರದಿ ಮಾಡಿದರು. ವಾಹಕ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 5×10¹⁷ ದಾಟಿದರೆ ತಣಿಯುವಿಕೆ ಬಹಳ ನಿಧಾನವಾಗುತ್ತದೆಂದು ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ ಮುಂದೆ ಕಂಡಿತು. ವಾಹಕಗಳು ಹೊರಬಿಟ್ಟ ಫೋನಾನ್‌ಗಳು (ಜಾಲಕದ ಕಂಪನಗಳು) ಚದುರುವ ಮೊದಲೇ ತುಂಬಿಕೊಂಡು, ಶಕ್ತಿಯನ್ನು ವಾಹಕಗಳಿಗೇ ಮರಳಿಸುತ್ತವೆ. ಇದೇ ಬಿಸಿ ಫೋನಾನ್ ಅಡಚಣೆ.

ವಿವಾದ: 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಝು ತಂಡ ಮೀಥೈಲ್‌ಅಮೋನಿಯಂ ಮತ್ತು ಫಾರ್ಮಮಿಡಿನಿಯಂ ಸೀಸದ ಬ್ರೋಮೈಡ್‌ಗಳಲ್ಲಿ ಸುಮಾರು 100 ಪಿಕೋಸೆಕೆಂಡ್ ಉಳಿಯುವ ಬಿಸಿ ಪ್ರತಿದೀಪ್ತಿಯನ್ನು ಕಂಡಿತು, ಸಾವಯವ ಅಯಾನಿನ ಬದಲು ಸೀಸಿಯಂ ಇರುವ ಹರಳಿನಲ್ಲಿ ಅದು ಇರಲಿಲ್ಲ. ದ್ರವದಲ್ಲಿರುವಂತೆ ಹೊರಳುವ ಸಾವಯವ ಅಯಾನುಗಳು ವಾಹಕವನ್ನು ಮರೆಮಾಡಿ ತಣಿಯದಂತೆ ಕಾಯುತ್ತವೆ ಎಂಬುದು ಅವರ ವಿವರಣೆ. ಎರಡು ವರ್ಷಗಳ ಬಳಿಕ ಹಾಪರ್, ಬಕುಲಿನ್ ಮತ್ತು ಸಂಗಡಿಗರು ತಣಿದ ವಾಹಕಗಳನ್ನು ಅವಕೆಂಪು ಮಿಡಿತದಿಂದ ಮತ್ತೆ ಮೇಲೆ ತಳ್ಳಿ ಅಳೆದರು. ಅವಧಿ 100ರಿಂದ 900 ಫೆಮ್ಟೋಸೆಕೆಂಡ್ ಬಂತು. ಬೇಗ ತಣಿದವು ಸಾವಯವ ಮಿಶ್ರಿತ ಹರಳುಗಳು, ತಡಮಾಡಿದ್ದು ಸೀಸಿಯಂನದು.

ಈ ಫಲಿತಾಂಶಗಳು ತಲೆಕೆಳಗಾಗಿ ಕಂಡರೂ ಎರಡೂ ಅಳೆದದ್ದು ಒಂದನ್ನೇ ಅಲ್ಲ. ಒಂದು ಬಿಸಿಯಾಗಿಯೇ ಉಳಿದ ವಾಹಕಗಳು ಸೂಸುವ ಬೆಳಕನ್ನು ಹಿಡಿದರೆ, ಇನ್ನೊಂದು ಆರಂಭದ ಇಳಿಕೆಯ ವೇಗವನ್ನು ಹಿಡಿಯಿತು. 2018ರಲ್ಲೇ ಗ್ರೋನಿಂಗನ್ ತಂಡ ತವರದ ಪೆರೋವ್‌ಸ್ಕೈಟಿನಲ್ಲಿ ನ್ಯಾನೋಸೆಕೆಂಡುಗಳ ಬಿಸಿ ಬೆಳಕನ್ನು ವರದಿ ಮಾಡಿತು. ಸಾಮಾನ್ಯ ಬಿಸಿಲಿನಲ್ಲಿ ವಾಹಕ ಸಾಂದ್ರತೆ ಅಡಚಣೆ ಹುಟ್ಟಿಸುವ ಮಟ್ಟಕ್ಕಿಂತ ತೀರ ಕೆಳಗಿರುವುದರಿಂದ, ‘ನಿಧಾನ ತಣಿಯುವಿಕೆ’ಯ ಯಾವುದೇ ಅಂಕಿಯನ್ನು ಅದರ ಸಾಂದ್ರತೆಯ ಜೊತೆಗೇ ಓದಬೇಕಾಗುತ್ತದೆ.